ಬೀಟೆ ಮರದ ಇನ್‌ಲೇ: ತಾಳ್ಮೆಯ ಹೊಗಳಿಕೆಯಾಚೆ

ಮೈಸೂರಿನ ಬೀಟೆ ಮರದ ಇನ್‌ಲೇ ಕಲೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಮುಗಿದುಹೋಗುತ್ತವೆ. ಒಂದು, ಅರಮನೆಯ ಆಶ್ರಯ. ಇನ್ನೊಂದು, ಕುಶಲಕರ್ಮಿಯ ಅಪಾರ ತಾಳ್ಮೆ. ಎರಡೂ ಸುಳ್ಳಲ್ಲ. ಆದರೆ ಆಶ್ರಯದ ಮಾತು ಈ ಕಸುಬನ್ನು ಜಾನಪದ ಅಧ್ಯಯನದ ಅಂಗಳದಿಂದ ಹೊರಗಿಟ್ಟಿತು. ತಾಳ್ಮೆಯ ಮಾತು ಅದಕ್ಕಿಂತ ಹೆಚ್ಚಿನ ಹಾನಿ ಮಾಡಿದೆ. ಕೈಯನ್ನು ಹೊಗಳುವ ಭರದಲ್ಲಿ ಅದು ಕೈಯ ಹಿಂದಿನ ತೀರ್ಮಾನವನ್ನು ಗಮನಿಸದಂತೆ ಮಾಡಿತು. ಪ್ರಸ್ತುತ ಲೇಖನದ ಆಸಕ್ತಿ ಆ ತೀರ್ಮಾನದಲ್ಲಿದೆ.

ಪದ್ಧತಿ ಹೊರನೋಟಕ್ಕೆ ಸರಳವಾದುದು. ಕಾಗದದ ಮೇಲೆ ಬರೆದ ವಿನ್ಯಾಸವನ್ನು ಭಾಗಗಳಾಗಿ ವಿಂಗಡಿಸಿ, ಒಂದೊಂದನ್ನೂ ಅದಕ್ಕೆಂದು ಗೊತ್ತುಮಾಡಿದ ಮರದ ತೆಳುಹಲಗೆಗೆ ಅಂಟಿಸಿ, ಸಣ್ಣ ಅಲಗಿನ ಗರಗಸದಿಂದ ಗೆರೆಗುಂಟ ಕೊಯ್ಯುತ್ತಾರೆ. ಕೊಯ್ದ ತುಂಡನ್ನು ಬೀಟೆಯ ಹಲಗೆಯ ಮೇಲಿಟ್ಟು ಅಂಚನ್ನು ಗುರುತಿಸಿ, ಅಷ್ಟೇ ಜಾಗವನ್ನು ಉಳಿಯಿಂದ ತೋಡಿ ಅಲ್ಲಿ ಕೂರಿಸುತ್ತಾರೆ. ಅಂಟು ಆರಿದ ಮೇಲೆ ಉಪ್ಪುಕಾಗದದಿಂದ ಸಮಮಾಡಿ, ಕಣ್ಣು, ಹುಬ್ಬು, ಸೀರೆಯ ನೆರಿಗೆ ಮೊದಲಾದ ಸೂಕ್ಷ್ಮಗಳನ್ನು ಗೀರಿ ಕಪ್ಪು ತುಂಬುತ್ತಾರೆ, ಕೊನೆಗೆ ಪಾಲಿಶ್. ಸಾಂಪ್ರದಾಯಿಕ ಕೆಲಸದಲ್ಲಿ ಬಣ್ಣವೆಲ್ಲ ಮರದ್ದೇ. ಹಲಸಿನ ಹಳದಿ, ಹೊನ್ನೆಯ ಹೊಂಗಂದು, ಕರಿಮರದ ಕಪ್ಪು, ಇವೆಲ್ಲಕ್ಕೂ ಆಧಾರವಾಗಿ ಬೀಟೆಯ ನೇರಳೆಮಿಶ್ರಿತ ಕಂದು.

ಮಾರಾಟಗಾರರೂ ಕೆಲವೊಮ್ಮೆ ವಿಮರ್ಶಕರೂ ಒಂದು ಫಲಕದ ಹಿರಿಮೆಯನ್ನು ತುಂಡುಗಳ ಸಂಖ್ಯೆಯಿಂದ ಅಳೆಯುತ್ತಾರೆ. ಇದು ಒಪ್ಪತಕ್ಕ ಅಳತೆಯಲ್ಲ. ದಸರಾ ಮೆರವಣಿಗೆಯ ಫಲಕಗಳನ್ನು ಪರಿಶೀಲಿಸಿದರೆ, ನೂರಾರು ತುಂಡುಗಳಿದ್ದರೂ ಮುಖ, ಆಭರಣ, ಅಂಬಾರಿಯ ಕುಸುರಿಗಳನ್ನೆಲ್ಲ ಗೀರಿದ ಗೆರೆಯೇ ಹೊತ್ತಿರುವುದು ಕಾಣುತ್ತದೆ. ಮರ ಅಲ್ಲಿ ಬಣ್ಣ ತುಂಬಿದ ಖಾನೆ ಮಾತ್ರ. ಇದಕ್ಕೆ ಪ್ರತಿಯಾಗಿ, ಹೊಳೆಯ ದಂಡೆಯ ಒಂದು ಸಾಧಾರಣ ಚಿತ್ರದಲ್ಲಿ ಅಡ್ಡಲಾಗಿ ಹರಿದ ಮರದ ಎಳೆಯೇ ನೀರಿನ ಅಲೆಯಾಗಿ ನಿಲ್ಲಬಲ್ಲದು. ಆ ಎಳೆಯನ್ನು ಯಾರೂ ಬರೆದಿಲ್ಲ. ಕಂಡು, ತಿರುಗಿಸಿ, ಕೊಯ್ದಿದ್ದಾರೆ. ಅದೇ ತುಂಡನ್ನು ಎಳೆ ಲಂಬವಾಗುವಂತೆ ಕೊಯ್ದಿದ್ದರೆ ನೀರು ಗೋಡೆಯಾಗುತ್ತಿತ್ತು. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚಿನ ಕೃತಿ.

ತಾಳ್ಮೆಯ ಹೊಗಳಿಕೆಯಲ್ಲಿ ಅಡಗಿರುವ ತಾತ್ಸಾರ ನಮ್ಮಲ್ಲಿ ಮಾತ್ರ ಇರುವುದಲ್ಲ. ಇಟಲಿಯಲ್ಲಿ ಮರದ ತುಂಡುಗಳನ್ನೇ ಒಂದಕ್ಕೊಂದು ಹೊಂದಿಸಿ ಇಡೀ ಮೇಲ್ಮೈಯನ್ನು ಚಿತ್ರವಾಗಿಸುವ ಇಂಟಾರ್ಸಿಯ 15ನೆಯ ಶತಮಾನದಲ್ಲಿ ಉನ್ನತಿಗೇರಿತ್ತು. ಉರ್ಬಿನೊ ಅರಮನೆಯಲ್ಲಿ ಫೆಡೆರಿಗೊ ದ ಮೊಂತೆಫೆಲ್ತ್ರೊನ ಓದುಕೋಣೆಯ ಗೋಡೆಗಳಲ್ಲಿ ಅರೆತೆರೆದ ಕಪಾಟು, ಪುಸ್ತಕ, ವಾದ್ಯಗಳೆಲ್ಲ ಮರದ ಛಾಯಾಭೇದದಿಂದಲೇ ಮೈದಳೆದಿವೆ. ಹೀಗಿದ್ದರೂ 16ನೆಯ ಶತಮಾನದ ಜಾರ್ಜೊ ವಸಾರಿ, ಇದು ಚಿತ್ರಕೌಶಲಕ್ಕಿಂತ ತಾಳ್ಮೆ ಹೆಚ್ಚಾಗಿರುವವರ ಕೆಲಸವೆಂಬ ಅಭಿಪ್ರಾಯ ತಳೆದ. ಚಿತ್ರಕಲೆಯನ್ನು ಮೇಲಿಟ್ಟು ಮರಗೆಲಸವನ್ನು ಅದರ ನಕಲೆಂದು ಕಾಣುವ ಈ ನಿಲುವನ್ನು ವಸಾರಿಯನ್ನು ಓದದ ನಾವೂ ಅನುಸರಿಸಿದ್ದೇವೆ.

ಗರಗಸದ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು. ವಿದ್ಯುತ್ತಿನಿಂದ ಅಲಗು ಮೇಲೆ ಕೆಳಗೆ ಆಡುವ ಸ್ಕ್ರೋಲ್ ಸಾ ಬಂದ ಮೇಲೆ ಕಲೆ ಯಾಂತ್ರಿಕವಾಯಿತೆಂಬ ಆಕ್ಷೇಪಣೆಯುಂಟು. ಕೈಗರಗಸದಲ್ಲಿ ಮರ ನಿಂತು ಅಲಗು ತಿರುಗುತ್ತದೆ; ಯಂತ್ರದಲ್ಲಿ ಅಲಗು ನಿಂತಲ್ಲೇ ಆಡುತ್ತದೆ, ಮರ ತಿರುಗಬೇಕು. ಎರಡರಲ್ಲಿಯೂ ಅಲಗು ತನ್ನ ಅಗಲದಷ್ಟು ಮರವನ್ನು ಪುಡಿಮಾಡುವುದರಿಂದ ಸಂದಿ ಉಳಿಯುತ್ತದೆ. ಇಂಟಾರ್ಸಿಯದಂತೆ ತುಂಡಿಗೆ ತುಂಡು ಸೇರಿಸುವ ಕೆಲಸದಲ್ಲಿ ಈ ಸಂದಿಯನ್ನು ಮುಚ್ಚಲು ಎರಡು ಹಲಗೆಗಳನ್ನು ಒಂದರ ಮೇಲೊಂದಿಟ್ಟು, ಯಂತ್ರದ ಮೇಜನ್ನು ತುಸುವೇ ಓರೆಮಾಡಿ, ಒಟ್ಟಿಗೆ ಕೊಯ್ಯುತ್ತಾರೆ. ಓರೆ ಅಂಚಿನ ತುಂಡು ಬಿರಡೆಯಂತೆ ತೂತಿನಲ್ಲಿ ಬಿಗಿಯಾಗುತ್ತದೆ. ಎಷ್ಟು ಓರೆ ಎಂಬುದು ಹಲಗೆಯ ದಪ್ಪವನ್ನೂ ಅಲಗಿನ ಅಗಲವನ್ನೂ ಅವಲಂಬಿಸಿದೆ. ಯಂತ್ರ ವೇಗವನ್ನು ಕೊಡುತ್ತದೆ. ಯಾವ ಮರ, ಯಾವ ಕಡೆಯ ಎಳೆ ಎಂಬುದನ್ನು ಅದು ಹೇಳುವುದಿಲ್ಲ.

ಆಯ್ಕೆಯ ನಿಜವಾದ ಸಂಕಟ ಬಿಳಿಯದು. ಅಂಬಾವಿಲಾಸದ ಬೀಟೆ ಬಾಗಿಲಿನಲ್ಲಿ ಬಿಳಿ ಎಂದರೆ ಆನೆದಂತ. 1986ರ ತಿದ್ದುಪಡಿಯಿಂದ ಭಾರತೀಯ ದಂತದ, 1991ರ ತಿದ್ದುಪಡಿಯಿಂದ ಆಮದು ದಂತದ ವ್ಯಾಪಾರ ನಿಷಿದ್ಧವಾಯಿತು, ಆಗಬೇಕಾದುದೇ. ಆ ಸ್ಥಾನಕ್ಕೆ ಬಂದ ಪ್ಲಾಸ್ಟಿಕ್ಕಿಗೆ ಎಳೆಯಿಲ್ಲ, ಮಾಗುವಿಕೆಯಿಲ್ಲ. ಇಡೀ ಫಲಕ ಮಾಗಿದರೂ ಅದೊಂದು ಮಾತ್ರ ಅಂಗಡಿಯಿಂದ ಬಂದ ದಿನದಂತೆಯೇ ಉಳಿದು ಕಣ್ಣಿಗೆ ಚುಚ್ಚುತ್ತದೆ. ತಿಳಿಬಣ್ಣದ ಮರವನ್ನು ಬಳಸಿ ಅಪ್ಪಟ ಬಿಳಿಯ ಆಸೆಯನ್ನೇ ಬಿಟ್ಟವರ ಕೆಲಸ ಇದಕ್ಕಿಂತ ಮೇಲು. ಇನ್ನು ಬೀಟೆಯೂ ಸುಲಭವಲ್ಲ. 2017ರ ಜನವರಿಯಿಂದ ಅದರ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ.

2005–06ರ ಸಾಲಿನಲ್ಲಿ ದೊರೆತ ಭೌಗೋಳಿಕ ಸೂಚಕವು ಊರಿನ ಹೆಸರನ್ನು ಕಾಪಾಡಿತು. ಗರಗಸ ಹಿಡಿದವನ ಹೆಸರು ಫಲಕದ ಮೇಲೆ ಬರುವುದು ಈಗಲೂ ಅಪರೂಪ. ಇದರಲ್ಲಿ ನಮ್ಮ ಶಿಸ್ತಿನ ಪಾಲೂ ಇದೆ. ಈ ಕಸುಬಿನಲ್ಲಿ ಉರ್ದು ಮನೆಮಾತಿನವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಹಾಡು, ಕಥೆ, ಲಾವಣಿಗಳನ್ನು ಅರಸಿ ಹೊರಟ ಕನ್ನಡ ಕ್ಷೇತ್ರಕಾರ್ಯ ಅವರ ಬಾಗಿಲನ್ನು ತಟ್ಟಿದ್ದು ಕಡಿಮೆ. ಮರವನ್ನು, ಎಳೆಯನ್ನು, ಅಲಗಿನ ಓರೆಯನ್ನು ಅವರು ಕರೆಯುವ ಮಾತುಗಳು ಜಾನಪದದ ಸಾಮಗ್ರಿಯಲ್ಲವೆಂದು ಯಾವ ಸಿದ್ಧಾಂತವೂ ಹೇಳಲಾರದು.

ಈ ಸಂಗ್ರಹಕ್ಕೆ ಅವಸರವೂ ಉಂಟು. ಬೆಳಕಿಗೆ ಒಡ್ಡಿದ ಹಲಸು ವರ್ಷಗಳು ಕಳೆದಂತೆ ಹಳದಿಯನ್ನು ಬಿಟ್ಟು ಕಂದಾಗುತ್ತದೆ. ಬೀಟೆ ತನ್ನ ನೇರಳೆಯನ್ನು ಕಳೆದುಕೊಳ್ಳುತ್ತದೆ. ಎರಡೂ ಒಂದರ ಬಣ್ಣಕ್ಕೆ ಇನ್ನೊಂದು ಹತ್ತಿರವಾಗುವುದರಿಂದ, ಹಳೆಯ ಫಲಕವೊಂದರಲ್ಲಿ ಇಂದು ಮಂಕಾಗಿ ಕಾಣುವ ಭಾಗ ಮೊದಲು ಉಜ್ವಲವಾಗಿದ್ದಿರಬಹುದು. ಯಾವ ತುಂಡಿಗೆ ಯಾವ ಮರವನ್ನು, ಏಕೆ ಆರಿಸಿದರೆಂಬುದನ್ನು ಮಾಡಿದವರನ್ನೇ ಕೇಳಿ ದಾಖಲಿಸಿದಲ್ಲಿ ಮಾತ್ರ ಆ ಮೊದಲ ಚಿತ್ರವನ್ನು ಮುಂದಿನವರು ಊಹಿಸಬಲ್ಲರು.