ಟಿವಿ ಪಕ್ಕದ ಪುಟ್ಟ ಪಿಸಿ

ಸಿನಿಮಾ ನೋಡಲು, ಗೇಮ್ ಆಡಲು ಟಿವಿಗೆ ಜೋಡಿಸುವ ಹೋಮ್ ಥಿಯೇಟರ್ ಪಿಸಿಗೆ ಮಿನಿ-ಐಟಿಎಕ್ಸ್ ಮದರ್‌ಬೋರ್ಡ್ ಒಳ್ಳೆಯ ತಳಪಾಯ. ತೈವಾನಿನ ವಿಯಾ ಕಂಪನಿ 2001ರಲ್ಲಿ ಪರಿಚಯಿಸಿದ ಈ ಬೋರ್ಡು 17 ಸೆಂ.ಮೀ. ಉದ್ದ, ಅಷ್ಟೇ ಅಗಲ. ಅಷ್ಟರಲ್ಲೇ ಪ್ರೊಸೆಸರ್, ಎರಡು ರ‍್ಯಾಮ್, ಒಂದು ಗ್ರಾಫಿಕ್ಸ್ ಕಾರ್ಡ್, ಬೋರ್ಡಿಗೆ ಒರಗಿ ಮಲಗುವ ಎಂ.2 ಎಸ್‌ಎಸ್‌ಡಿ ಎಲ್ಲಕ್ಕೂ ಜಾಗವಿರುತ್ತದೆ.

ಪೆಟ್ಟಿಗೆ ತೀರ ಚಿಕ್ಕದಾದರೆ ಗ್ರಾಫಿಕ್ಸ್ ಒಳಗೊಂಡ ಪ್ರೊಸೆಸರ್ ಸೂಕ್ತ. ಎಎಂಡಿ 2024ರಲ್ಲಿ ತಂದ ರೈಜನ್ 7 8700ಜಿ ಅಂಥದ್ದು. ಅದರ ಗ್ರಾಫಿಕ್ಸ್ ಭಾಗಕ್ಕೆ ಸ್ವಂತ ಮೆಮೊರಿಯಿಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಹಾಗಾಗಿ ಒಂದೇ ದೊಡ್ಡ ರ‍್ಯಾಮ್‌ಗಿಂತ ವೇಗದ ಎರಡನ್ನು ಹಾಕಿದರೆ ಗೇಮ್ ಸರಾಗವಾಗಿ ಓಡುತ್ತದೆ. ಎವಿ1 ವಿಡಿಯೊ ಬಿಡಿಸಲು ಪ್ರತ್ಯೇಕ ಸರ್ಕ್ಯೂಟ್ ಇರುವುದರಿಂದ ಸಿನಿಮಾ ನೋಡುವಾಗ ಪ್ರೊಸೆಸರ್ ಹೆಚ್ಚು ಬಿಸಿಯಾಗುವುದಿಲ್ಲ.

ಇಂಥ ಪಿಸಿ ಜೋಡಿಸುವ ಕಸುಬಿನ ನಿಜವಾದ ಸೊಗಸಿರುವುದು ಸದ್ದಡಗಿಸುವುದರಲ್ಲಿ. ಎತ್ತರದ ಕೂಲರ್ ಇಲ್ಲಿ ಹಿಡಿಸದು. ನಾಕ್ಟುವಾ ಕಂಪನಿಯ ಎನ್‌ಎಚ್-ಎಲ್9 ಕೂಲರ್ ಫ್ಯಾನ್ ಸಮೇತ 37 ಮಿ.ಮೀ. ಎತ್ತರವಷ್ಟೇ. ಬಯಾಸ್‌ನಲ್ಲಿ ಪ್ರೊಸೆಸರಿನ ಮಿತಿಯನ್ನು 65 ವ್ಯಾಟ್‌ನಿಂದ 45ಕ್ಕೆ ಇಳಿಸಿದರೆ ಫ್ಯಾನ್ ನಿಧಾನವಾಗಿ ತಿರುಗುತ್ತದೆ, ಮೆಲುಮಾತಿನ ಸಂಭಾಷಣೆಯೂ ಸ್ಪಷ್ಟವಾಗಿ ಕೇಳುತ್ತದೆ.

ಜೋಡಣೆಯಲ್ಲಿ ಕ್ರಮ ಮುಖ್ಯ. ಕೂಲರ್, ರ‍್ಯಾಮ್, ಎಸ್‌ಎಸ್‌ಡಿಗಳನ್ನು ಪೆಟ್ಟಿಗೆಯ ಹೊರಗೇ ಬೋರ್ಡಿಗೆ ಕೂರಿಸಬೇಕು. ಬೋರ್ಡು ಒಳಗೆ ಹೋದ ಮೇಲೆ ಬೆರಳು ತೂರುವುದೂ ಕಷ್ಟ. ಚಿಕ್ಕ ಎಸ್‌ಎಫ್‌ಎಕ್ಸ್ ಪವರ್ ಸಪ್ಲೈಯ ವೈರುಗಳನ್ನು ಗಾಳಿಯ ದಾರಿಗೆ ಅಡ್ಡವಾಗದಂತೆ ಅಂಚಿಗೆ ಕಟ್ಟಬೇಕು. ಕೊನೆಗೆ ಕೋಡಿ ತಂತ್ರಾಂಶ ಹಾಕಿ, ಟಿವಿಯ ರಿಫ್ರೆಶ್ ದರ ಚಿತ್ರದ 24 ಫ್ರೇಮ್‌ಗೆ ಹೊಂದುವಂತೆ ಸೆಟ್ ಮಾಡಿದರೆ ದೃಶ್ಯ ತಡವರಿಸದೆ ಸಾಗುತ್ತದೆ.