ನಿಯತಕಾಲಿಕ ಆತ್ಮಲೇಖನ: ಆಯ ಮತ್ತು ವ್ಯಯ

ತನ್ನ ಅನುಭವವನ್ನೂ ಅನಿಸಿಕೆಯನ್ನೂ ತಪ್ಪದೆ ಬರೆಯುತ್ತ ಹೋಗುವುದು, ಬರೆದುದನ್ನು ಗೊತ್ತಾದ ಅವಧಿಗೊಮ್ಮೆ ಪರರ ಮುಂದಿಡುವುದು, ಇವು ಸಾಹಿತ್ಯವ್ಯವಸಾಯದಲ್ಲಿ ಒಂದು ಪ್ರತ್ಯೇಕ ವೃತ್ತಿಯೆಂದೇ ಹೇಳಬಹುದು. ಇದಕ್ಕೆ ಕಾವ್ಯದ ಬಂಧವಿಲ್ಲ, ಕಥೆಯ ಸಂವಿಧಾನವಿಲ್ಲ. ಬರೆಯುವವನ ವ್ಯಕ್ತಿತ್ವವೊಂದೇ ಇದರ ಸೂತ್ರ. ಮುದ್ರಣಾಲಯದ ಹಂಗಿಲ್ಲದೆ ಯಾರು ಬೇಕಾದರೂ ತಮ್ಮ ಮಾತನ್ನು ದಿನದಿನವೂ ಪ್ರಕಟಿಸಬಹುದಾದ ಅನುಕೂಲ ಇಂದು ಒದಗಿರುವುದರಿಂದ, ಈ ವೃತ್ತಿಯ ಲಾಭನಷ್ಟಗಳ ವಿಚಾರ ಕೆಲವೇ ಮಂದಿ ಲೇಖಕರಿಗೆ ಸಂಬಂಧಿಸಿದ ಮಾತಾಗಿ ಉಳಿದಿಲ್ಲ. ಪ್ರಕೃತ ಲೇಖನದಲ್ಲಿ ನಾಲ್ವರು ಲೇಖಕರ ನಿದರ್ಶನವನ್ನು ಹಿಡಿದು ಈ ವಿಚಾರವನ್ನು ಪರಿಶೀಲಿಸಲು ಯತ್ನಿಸಲಾಗಿದೆ.

ನಮ್ಮ ಪೂರ್ವಕವಿಗಳು ಆತ್ಮವಿಷಯಕ್ಕೆ ಕೊಟ್ಟ ಸ್ಥಾನ ಪರಿಮಿತವಾದುದು. ಪಂಪನು ತನ್ನ ವಂಶ, ಆಶ್ರಯದಾತ, ಕೃತಿ ಮುಗಿಸಲು ಹಿಡಿದ ಕಾಲ ಇವನ್ನೆಲ್ಲ ಹೇಳಿಕೊಂಡಿದ್ದಾನೆ. ಆದರೆ ಹೇಳುವುದು ಕಾವ್ಯದ ಆದಿಯಲ್ಲಿ ಅಥವಾ ಅಂತ್ಯದಲ್ಲಿ. ನಡುಮನೆಯೆಲ್ಲ ಅರ್ಜುನನಿಗೋ ಆದಿನಾಥನಿಗೋ ಸೇರಿದುದು. ವಚನಕಾರರು ತಮ್ಮ ಅಂತರಂಗವನ್ನು ತೆರೆದಿಟ್ಟರೆಂಬುದು ನಿಜ. ಆದರೆ ಪ್ರತಿಯೊಂದು ವಚನವೂ ಅಂಕಿತದ ಮೂಲಕ ದೇವರನ್ನು ಉದ್ದೇಶಿಸಿ ನಿಲ್ಲುವುದರಿಂದ, ಅಲ್ಲಿಯ ಮುಖ್ಯ ಶ್ರೋತೃ ಲೋಕವಲ್ಲ. ಕವಿಯ ಸ್ವಂತ ದಿನಚರಿಯೇ ಕೃತಿಯ ನಡುಮನೆಯನ್ನು ಆಕ್ರಮಿಸಿದುದು ಆಧುನಿಕ ಕಾಲದಲ್ಲಿ. ಎ.ಎನ್. ಮೂರ್ತಿರಾಯರ 'ಹಗಲುಗನಸುಗಳು' 1937ರಲ್ಲಿ ಪ್ರಕಟವಾಗುವ ವೇಳೆಗೆ ಲಲಿತ ಪ್ರಬಂಧವು ಕನ್ನಡಕ್ಕೆ ಪರಕೀಯವೆನ್ನಿಸದಷ್ಟು ಒಗ್ಗಿಹೋಗಿತ್ತು.

ಈ ಬಗೆಯ ಬರಹವನ್ನು ಕುರಿತು ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಬಿಡಿಬಿಡಿಯಾಗಿ ಬರೆಯುತ್ತ ಹೋದರೆ ಸೃಷ್ಟಿಶಕ್ತಿ ಸೋರಿಹೋಗುತ್ತದೆ, ಮಹಾಕೃತಿಗೆ ಸಲ್ಲಬೇಕಾದ ಸತ್ತ್ವ ಚಿಲ್ಲರೆಯಾಗಿ ವೆಚ್ಚವಾಗುತ್ತದೆ ಎಂಬುದು ಒಂದು. ಕೈ ಪಳಗುವುದೇ ಹೀಗೆ, ನಿಯಮವೇ ಲೇಖಕನ ಗುರು ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಎರಡೂ ಲೇಖಕನೊಬ್ಬನನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಈ ವ್ಯವಹಾರದಲ್ಲಿ ಇತರರಿಗೂ ಪಾಲುಂಟೆಂಬುದನ್ನು ಎರಡೂ ಮರೆತಿವೆ.

ಮೊದಲು ಓದುಗನ ನಿರೀಕ್ಷೆಯೇ ಇಲ್ಲದೆ ಬರೆದವನನ್ನು ನೋಡೋಣ. ಇಂಗ್ಲೆಂಡಿನ ನೌಕಾಖಾತೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸನು 1660ರ ಜನವರಿ 1ರಿಂದ 1669ರ ಮೇ 31ರವರೆಗೆ ದಿನಚರಿ ಬರೆದನು. ಅದು 10 ಲಕ್ಷ ಪದಗಳಿಗೂ ಮಿಕ್ಕಿದ ಗ್ರಂಥ. ಬರೆದುದು ಶೀಘ್ರಲಿಪಿಯಲ್ಲಿ. ತನ್ನ ಕಳ್ಳಪ್ರಣಯಗಳ ಮಾತು ಬಂದಾಗ ಅದಕ್ಕೆ ಪರಭಾಷೆಗಳ ಪದಗಳನ್ನು ಬೆರಸಿ ಇನ್ನೊಂದು ತೆರೆಯನ್ನೂ ಎಳೆಯುತ್ತಿದ್ದನು. 1665ರ ಪ್ಲೇಗು, 1666ರ ಲಂಡನ್ನಿನ ಬೆಂಕಿ, ಕಚೇರಿಯ ಲಂಚ, ಊಟದ ರುಚಿ, ಹೆಂಡತಿಯೊಡನೆ ಜಗಳ, ಎಲ್ಲವೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಮೆಚ್ಚಿಸಬೇಕಾದವರು ಯಾರೂ ಇಲ್ಲದಿರುವುದೇ ಈ ನಿಸ್ಸಂಕೋಚಕ್ಕೆ ಕಾರಣ. ಇದು ಆಯದ ಕಡೆಯ ಲೆಕ್ಕ. ವ್ಯಯದ ಕಡೆಗೆ ಆತನೇ ಬರೆದುಕೊಂಡ ಬಾಬು, ಕಣ್ಣು. ದೃಷ್ಟಿ ಹೋಗಿಬಿಡುವುದೆಂಬ ಭಯದಿಂದ ಆತನು ದಿನಚರಿಯನ್ನು ನಿಲ್ಲಿಸಿದನು. ಆದರೆ ಆಮೇಲೆ 1703ರವರೆಗೂ ಬದುಕಿದ್ದ ಪೀಪ್ಸನು ಕುರುಡನಾಗಲಿಲ್ಲ.

ಆತನ ದಿನಚರಿಯಲ್ಲಿ ನಮಗೆ ಹೆಚ್ಚು ಮುಖ್ಯವಾದ ಬಾಬು ಬೇರೊಂದಿದೆ. 1663ರ ಜನವರಿಯಲ್ಲಿ ಆತನ ಹೆಂಡತಿ ಎಲಿಜಬೆತ್ ತನ್ನ ಒಂಟಿತನವನ್ನೂ ಅಸುಖವನ್ನೂ ಕುರಿತು ತಾನು ಬರೆದಿಟ್ಟಿದ್ದ ಕಾಗದವನ್ನು ಗಂಡನಿಗೆ ಓದಿ ಹೇಳಿದಳು. ಅದು ಶೀಘ್ರಲಿಪಿಯಲ್ಲಿರಲಿಲ್ಲ, ಸಾಮಾನ್ಯ ಇಂಗ್ಲಿಷಿನಲ್ಲಿತ್ತು. ಪರರ ಕಣ್ಣಿಗೆ ಬಿದ್ದರೆ ಗತಿಯೇನೆಂದು ಕೆರಳಿದ ಪೀಪ್ಸನು ಅದನ್ನೂ ಅವಳ ಇತರ ಕಾಗದಗಳನ್ನೂ ಅವಳ ಎದುರಿನಲ್ಲಿಯೇ ಹರಿದು ಹಾಕಿದನು. ಹರಿದ ಸಂಗತಿಯನ್ನು ಅಂದೇ ತನ್ನ ದಿನಚರಿಯಲ್ಲಿ ಬರೆದುಕೊಂಡನು. ಎಲಿಜಬೆತ್ 1669ರ ನವೆಂಬರಿನಲ್ಲಿ, 29ನೆಯ ವಯಸ್ಸಿಗೇ ತೀರಿಕೊಂಡಳು. ಪೀಪ್ಸನ ಹೊತ್ತಗೆಗಳು ಕೇಂಬ್ರಿಜ್ಜಿನ ಮಾಡ್ಲಿನ್ ಕಾಲೇಜನ್ನು ಸೇರಿ, 1825ರಲ್ಲಿ ಸಂಕ್ಷೇಪವಾಗಿಯೂ 1970ರಿಂದ 1983ರವರೆಗೆ ಸಮಗ್ರವಾಗಿಯೂ ಪ್ರಕಟವಾದುವು. ಒಂದೇ ಮನೆಯಲ್ಲಿ ಎರಡು ಆತ್ಮಲೇಖನಗಳು ಹುಟ್ಟಿ, ಅವುಗಳಲ್ಲಿ ಒಂದು ಉಳಿಯಿತು. ಅಳಿದುದರ ಸುದ್ದಿ ನಮಗೆ ತಿಳಿಯುವುದು ಅಳಿಸಿದವನ ಬಾಯಿಂದ. ಪೀಪ್ಸನ ನಿಸ್ಸಂಕೋಚವನ್ನು ಹೊಗಳುವ ವಿಮರ್ಶೆ ಈ ಸಂಗತಿಯನ್ನು ಒಂದು ವಿನೋದಪ್ರಸಂಗವೆಂಬಂತೆ ದಾಟಿ ಹೋಗುವುದು ಯುಕ್ತವಲ್ಲ.

ಇನ್ನು ಓದುಗನಿದ್ದೂ ಗಡುವಿಲ್ಲದೆ ಬರೆದವನು ಫ್ರಾನ್ಸಿನ ಮಾಂಟೇನ್. 1571ರಲ್ಲಿ, 38ನೆಯ ವಯಸ್ಸಿನಲ್ಲಿ, ಅಧಿಕಾರಪದವಿಯನ್ನು ಬಿಟ್ಟು ತನ್ನ ಗೋಪುರದ ಗ್ರಂಥಭಂಡಾರವನ್ನು ಸೇರಿದ ಆತನು 1580ರಲ್ಲಿ ತನ್ನ ಪ್ರಬಂಧಗಳ ಎರಡು ಸಂಪುಟಗಳನ್ನೂ 1588ರಲ್ಲಿ ಮೂರನೆಯದನ್ನೂ ಹೊರತಂದನು. 1592ರಲ್ಲಿ ಸಾಯುವವರೆಗೂ ಅಚ್ಚಾದ ಪ್ರತಿಯ ಅಂಚುಗಳಲ್ಲಿ ಹೊಸ ಮಾತುಗಳನ್ನು ಸೇರಿಸುತ್ತಲೇ ಇದ್ದನು. ಹಿಂದೆ ಹೇಳಿದುದನ್ನು ಅಳಿಸಿದುದು ಅಪರೂಪ. ಒಂದೇ ಪ್ರಬಂಧದಲ್ಲಿ ಮೂವತ್ತೆಂಟರ ಮಾಂಟೇನನೂ ಐವತ್ತೆಂಟರ ಮಾಂಟೇನನೂ ಅಕ್ಕಪಕ್ಕದಲ್ಲಿ ನಿಂತು ಮಾತನಾಡುತ್ತಾರೆ. ಪುಸ್ತಕವನ್ನು ತಾನು ರೂಪಿಸಿದಷ್ಟೇ ಪುಸ್ತಕವೂ ತನ್ನನ್ನು ರೂಪಿಸಿತೆಂಬ ಆತನ ತಿಳಿವಳಿಕೆ ಬರಿಯ ಚಮತ್ಕಾರವಲ್ಲ. ಆತ್ಮಲೇಖನದ ಪರಮಲಾಭ ಯಾವುದೆಂಬುದನ್ನು ಅದು ಸೂಚಿಸುತ್ತದೆ.

ಮಾಂಟೇನನ ಸಂಯಮವೂ ಇಲ್ಲಿ ಗಮನಾರ್ಹ. ತನ್ನ ಮೂತ್ರಾಶ್ಮರಿಯ ನೋವು, ಊಟ, ನಿದ್ರೆ, ಮರೆವು, ಇವನ್ನೆಲ್ಲ ಯಾವ ಮರೆಯೂ ಇಲ್ಲದೆ ಹೇಳಿದ ಆತನು ಹೆಂಡತಿಯ ವಿಷಯದಲ್ಲಿಯೂ ಉಳಿದೊಬ್ಬ ಮಗಳ ವಿಷಯದಲ್ಲಿಯೂ ಅತ್ಯಂತ ಮಿತಭಾಷಿ. ಇದನ್ನು ಉದಾಸೀನವೆಂದು ಆಕ್ಷೇಪಿಸಬಹುದು. ಆದರೆ ಪೀಪ್ಸನ ನಿದರ್ಶನವನ್ನು ಪಕ್ಕದಲ್ಲಿಟ್ಟು ನೋಡಿದರೆ, ಬಿಚ್ಚಿಡುವ ಅಧಿಕಾರ ತನಗಿರುವುದು ತನ್ನ ಮೈಯ ಮೇಲೆ ಮಾತ್ರವೆಂಬ ವಿವೇಕವೂ ಅದರಲ್ಲಿ ಕಾಣುತ್ತದೆ.

ಓದುಗನೂ ಗಡುವೂ ಕೂಡಿ ಬಂದಾಗ ಏನಾಗುತ್ತದೆಂಬುದಕ್ಕೆ ಸ್ಯಾಮ್ಯುಯೆಲ್ ಜಾನ್ಸನ್ನನೇ ಸಾಕ್ಷಿ. 1750ರ ಮಾರ್ಚ್ 20ರಿಂದ 1752ರ ಮಾರ್ಚ್ 14ರವರೆಗೆ ಆತನು 'ದಿ ರ್‍ಯಾಂಬ್ಲರ್' ಎಂಬ ಪತ್ರಿಕೆಯನ್ನು ವಾರಕ್ಕೆರಡು ಸಲ, ಮಂಗಳವಾರ ಮತ್ತು ಶನಿವಾರ, ಹೆಸರು ಹಾಕದೆ ಬರೆದನು. ಒಟ್ಟು 208 ಸಂಚಿಕೆಗಳು. ಪೂರ್ತಿಯಾಗಿ ಪರರು ಬರೆದವು ನಾಲ್ಕು ಮಾತ್ರ. ಬೆಲೆ ಎರಡು ಪೆನ್ನಿ. ಲೇಖಕನಿಗೆ ಸಂಚಿಕೆಗೆ ಎರಡು ಗಿನಿ. ಮಾರಾಟ 500 ಪ್ರತಿಗಳನ್ನು ಮೀರಲಿಲ್ಲ. ಇದೇ ಕಾಲದಲ್ಲಿ, 1755ರಲ್ಲಿ ಹೊರಬಂದ ಮಹಾನಿಘಂಟುವಿನ ಕೆಲಸವೂ ನಡೆಯುತ್ತಿತ್ತು. ಅಚ್ಚಿನವನು ಕಾದಿರುವಂತೆಯೇ ಅವಸರದಲ್ಲಿ ಬರೆದು, ಮರಳಿ ಓದದೆ ಕಳಿಸಿದ ಸಂಚಿಕೆಗಳು ಎಷ್ಟೋ ಇದ್ದುವೆಂದು ಜೀವನಚರಿತ್ರಕಾರ ಬಾಸ್ವೆಲ್ ತಿಳಿಸುತ್ತಾನೆ. ಕಡೆಯ ಸಂಚಿಕೆಯಲ್ಲಿ ಜಾನ್ಸನ್ನನು ಈ ಶ್ರಮದ ಸ್ವರೂಪವನ್ನು ಓದುಗರಿಗೆ ತಾನೇ ವಿವರಿಸಿದ್ದಾನೆ. ಗೊತ್ತಾದ ದಿನಕ್ಕೆ ಬರೆಯಲೇಬೇಕಾದವನು ಚೆದುರಿದ ಮನಸ್ಸಿನಿಂದಲೂ ರೋಗಪೀಡಿತವಾದ ದೇಹದಿಂದಲೂ ಎಷ್ಟೋ ಸಲ ಆ ಕಾರ್ಯಕ್ಕೆ ತೊಡಗಬೇಕಾಗುತ್ತದೆಂಬುದು ಆತನ ಮಾತಿನ ತಾತ್ಪರ್ಯ. ಆ ಸಂಚಿಕೆ ಪ್ರಕಟವಾದ ಕೆಲವೇ ದಿನಗಳಲ್ಲಿ ಆತನ ಹೆಂಡತಿ ತೀರಿಕೊಂಡಳು. ಆತನ ಬರಹವನ್ನು ಮನಸಾರೆ ಮೆಚ್ಚಿದ್ದ ಮೊದಲ ಓದುಗರಲ್ಲಿ ಅವಳೂ ಒಬ್ಬಳು.

ಇಲ್ಲಿ ನಮ್ಮ ಅಲಂಕಾರಶಾಸ್ತ್ರದ ಒಂದು ವಿಭಾಗ ನೆರವಿಗೆ ಬರುತ್ತದೆ. ಕಾವ್ಯಕ್ಕೆ ಶಕ್ತಿ, ವ್ಯುತ್ಪತ್ತಿ, ಅಭ್ಯಾಸ ಈ ಮೂರೂ ಕೂಡಿ ಕಾರಣವೆಂದು ಮಮ್ಮಟನ ಮತ. ಗಡುವು ಅಭ್ಯಾಸವನ್ನು ಬೆಳೆಸುತ್ತದೆ, ನಿಜ. ಆದರೆ ಬರೆಯುವ ದಿನಗಳು ಓದುವ ದಿನಗಳನ್ನೂ ಲೋಕಾವಲೋಕನದ ದಿನಗಳನ್ನೂ ನುಂಗುವುದರಿಂದ, ಹಿಂದೆ ಕೂಡಿಟ್ಟ ವ್ಯುತ್ಪತ್ತಿ ಕ್ರಮೇಣ ಕರಗುತ್ತದೆ. ಜಾನ್ಸನ್ನನ ಭಂಡಾರ ಅಪಾರವಾದುದರಿಂದ ಎರಡು ವರ್ಷ ನಡೆಯಿತು. ಆದರೂ ಪರಿಣಾಮ ಕಾಣದೆ ಇರಲಿಲ್ಲ. ಪತ್ರಿಕೆಗೆ ಕಾಗದ ಬರೆಯುವವರೆಂದು ಆತನು ಕಲ್ಪಿಸಿದ ವರ್ತಕ, ಹಳ್ಳಿಯ ಹುಡುಗಿ, ವಿದ್ಯಾರ್ಥಿ, ಎಲ್ಲರೂ ಜಾನ್ಸನ್ನನ ತೂಕದ ಲ್ಯಾಟಿನ್ಮಯ ವಾಕ್ಯಗಳಲ್ಲಿಯೇ ಮಾತನಾಡುತ್ತಾರೆ. ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಬರೆದ 97ನೆಯ ಸಂಚಿಕೆಯೊಂದೇ ಚೆನ್ನಾಗಿ ಮಾರಾಟವಾಯಿತೆಂಬ ಪ್ರತೀತಿಯುಂಟು. ಅದು ದಿಟವಾಗಿದ್ದರೆ, ಓದುಗರು ಇನ್ನೊಂದು ಧ್ವನಿಗಾಗಿ ಹಸಿದಿದ್ದರೆಂದು ಊಹಿಸಲು ಅವಕಾಶವಿದೆ. ಅವಸರದ ದೋಷಗಳನ್ನು ಜಾನ್ಸನ್ನನು ಪುಸ್ತಕರೂಪಕ್ಕೆ ತರುವಾಗ ಶ್ರಮವಹಿಸಿ ತಿದ್ದಿದನು. ತಿದ್ದಲಾಗದೆ ಉಳಿದುದು ಈ ಏಕಸ್ವರ.

ಕನ್ನಡದಲ್ಲಿ ಈ ಸಮಸ್ಯೆಯ ಸಮಗ್ರರೂಪವನ್ನು ಪಿ. ಲಂಕೇಶರಲ್ಲಿ (1935–2000) ಕಾಣುತ್ತೇವೆ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು ಆ ವೃತ್ತಿಯನ್ನು ಬಿಟ್ಟು 1980ರಲ್ಲಿ 'ಲಂಕೇಶ್ ಪತ್ರಿಕೆ'ಯನ್ನು ಆರಂಭಿಸಿ, 2000ದ ಜನವರಿಯಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಜಾಹೀರಾತುಗಳನ್ನು ಸ್ವೀಕರಿಸಲಿಲ್ಲ. ಓದುಗನೂ ಗಡುವೂ ಇದ್ದುದಲ್ಲದೆ ಪತ್ರಿಕೆಯೂ ಸ್ವಂತದ್ದಾದುದರಿಂದ ಆಯವ್ಯಯಗಳೆರಡೂ ಅವರ ತಲೆಯ ಮೇಲೆಯೇ ಬಿದ್ದುವು. 'ಟೀಕೆ ಟಿಪ್ಪಣಿ'ಯ ಬರಹಗಳಲ್ಲಿ ರಾಜಕಾರಣ, ಓದಿದ ಪುಸ್ತಕ, ಕಂಡ ಮನುಷ್ಯ, ತಮ್ಮದೇ ಬೇಸರ, ಎಲ್ಲವೂ ಒಂದಾಗಿ ಹರಿಯುತ್ತವೆ. ಅವುಗಳಲ್ಲಿ ಕೆಲವು ವ್ಯಕ್ತಿನಿರ್ಣಯಗಳು ವಾರದ ಬಿಸಿಯಲ್ಲಿ ಹುಟ್ಟಿದುವು. ಆರು ತಿಂಗಳು ಕಾದಿದ್ದರೆ ಅದೇ ಲೇಖಕರೇ ಅವನ್ನು ಬೇರೆಯಾಗಿ ಬರೆಯುತ್ತಿದ್ದರೆಂದು ತೋರದಿರದು. ತೀರ್ಪಿಗೆ ಗುರಿಯಾದವರಿಗೆ ಅಷ್ಟೇ ಓದುಗರನ್ನುಳ್ಳ ಪತ್ರಿಕೆ ಇರಲಿಲ್ಲವೆಂಬುದನ್ನೂ ವಿಮರ್ಶಕನು ನೆನೆಯಬೇಕು.

ಸೃಷ್ಟಿಶಕ್ತಿ ಸೋರುತ್ತದೆಂಬ ವಾದಕ್ಕೆ ಮಾತ್ರ ಲಂಕೇಶರಲ್ಲಿ ಆಧಾರ ಸಿಗುವುದಿಲ್ಲ. 'ನೀಲು' ಎಂಬ ಕಿರುಪದ್ಯಗಳ ಹೊಸ ಪ್ರಕಾರ ಪತ್ರಿಕೆಯ ಪುಟಗಳಲ್ಲಿಯೇ ಬೆಳೆಯಿತು. ಪುಟದ ಇಕ್ಕಟ್ಟೇ ಅಲ್ಲಿ ಛಂದಸ್ಸಿನ ಕೆಲಸ ಮಾಡಿತೆನ್ನಬಹುದು. 1993ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದ 'ಕಲ್ಲು ಕರಗುವ ಸಮಯ' ಈ ಪತ್ರಿಕಾವರ್ಷಗಳ ಫಲ. ಜಾನ್ಸನ್ನನ ಶೈಲಿ ಗಡುವಿನ ಕೆಳಗೆ ಬಿಗಿದುಕೊಂಡರೆ, ಲಂಕೇಶರದು ವಾರವಾರದ ಓದುಗನ ಮಾತಿಗೆ ಕಿವಿಗೊಟ್ಟು ಹಗುರವಾಯಿತು.

ಇದಕ್ಕಿಂತಲೂ ದೊಡ್ಡ ಆಯ ಇನ್ನೊಂದು ಕಡೆಯಿಂದ ಬಂದಿತು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಧಾರಾವಾಹಿಯಾಗಿ ಪ್ರಕಟವಾದುದು ಈ ಪತ್ರಿಕೆಯಲ್ಲಿ. ಕಾಸರಗೋಡು ಸೀಮೆಯ ಮುಸ್ಲಿಂ ಹೆಣ್ಣೊಬ್ಬಳ ಸಂಕಟ ಕನ್ನಡದ ಓದುಗವರ್ಗಕ್ಕೆ ಹೀಗೆ ತಲುಪಿತು. ಒಬ್ಬ ಲೇಖಕನು ತನ್ನ ಮಾತಿಗೆಂದು ಕಟ್ಟಿದ ಮನೆಯಲ್ಲಿ, ಅವನು ತಾನಾಗಿ ಎಂದಿಗೂ ಆಡಲಾಗದಿದ್ದ ಮಾತಿಗೆ ಸ್ಥಳ ದೊರೆಯಿತು. ಎಲಿಜಬೆತ್ ಪೀಪ್ಸಳ ಕಾಗದಕ್ಕೆ ಅವಳ ಮನೆಯಲ್ಲಿ ದೊರೆಯದೆ ಹೋದುದು ಇದೇ ಸ್ಥಳ.

ಹೋಲಿಕೆ ಪೂರ್ಣವಲ್ಲವೆಂದು ಆಕ್ಷೇಪಿಸಬಹುದು. ಒಂದು ಗುಪ್ತವಾದ ದಿನಚರಿ. ಇನ್ನೊಂದು ಬಹಿರಂಗವಾದ ವಾರಪತ್ರಿಕೆ. ಸಂಪಾದಕನು ಪರರ ಬರಹವನ್ನು ಅಚ್ಚುಹಾಕುವುದು ವೃತ್ತಿಧರ್ಮವೇ ಹೊರತು ಔದಾರ್ಯವಲ್ಲ ಎಂಬುದೂ ಸರಿಯೇ. ಆದರೆ ಇಲ್ಲಿಯ ಪ್ರಶ್ನೆ ಶೀಲದ್ದಲ್ಲ, ಪ್ರಕಾರದ್ದು. 'ನಾನು' ಎಂದು ತೊಡಗುವ ಬರಹ ಸುತ್ತಲಿನವರ ಮಾತನ್ನು ಅನಿವಾರ್ಯವಾಗಿ ತನ್ನದಾಗಿಸಿಕೊಳ್ಳುತ್ತದೆ. ದಿನದಿನವೂ ವಾರವಾರವೂ ಅದು ನಡೆದರೆ, ಬರೆಯದವರ ಬದುಕು ಬರೆಯುವವನ ಬಂಡವಾಳವಾಗುತ್ತದೆ. ಸಮಯ, ಆರೋಗ್ಯ, ಹಣ ಇವು ಲೇಖಕನು ಅರಿತೇ ಮಾಡುವ ವೆಚ್ಚ. ಈ ಬಂಡವಾಳವಾದರೋ ಪರರಿಂದ, ಹಲವು ವೇಳೆ ಅವರನ್ನು ಕೇಳದೆಯೇ, ತಂದ ಸಾಲ.

ಆದುದರಿಂದ ನಿಯತಕಾಲಿಕ ಆತ್ಮಲೇಖನವನ್ನು ಬೆಲೆಕಟ್ಟುವಾಗ ಶೈಲಿಯ ಲಾಲಿತ್ಯವನ್ನೂ ಆತ್ಮನಿವೇದನೆಯ ಧೈರ್ಯವನ್ನೂ ನೋಡಿದರೆ ಸಾಲದು. ಈ ಬರಹ ಮಾಂಟೇನನಲ್ಲಿ ಆದಂತೆ ಬರೆಯುವವನನ್ನು ಬದಲಿಸಿತೇ? ಜಾನ್ಸನ್ನನಲ್ಲಿ ಆದಂತೆ ಇತರ ಧ್ವನಿಗಳನ್ನು ತನ್ನ ಧ್ವನಿಯಲ್ಲಿ ಕರಗಿಸಿಬಿಟ್ಟಿತೇ? ತನ್ನಲ್ಲಿ ಪಾತ್ರಗಳಾದವರಿಗೆ ಎದುರುಮಾತಿನ ಅವಕಾಶವನ್ನು ಉಳಿಸಿತೇ? ಈ ಮೂರನ್ನೂ ವಿಚಾರಿಸಬೇಕು. ಮೊದಲೆರಡು ಪ್ರಶ್ನೆಗಳಿಗೆ ಪಠ್ಯದಲ್ಲಿಯೇ ಉತ್ತರ ಸಿಕ್ಕೀತು. ಮೂರನೆಯದಕ್ಕೆ ಪಠ್ಯದ ಹೊರಗೆ, ಮನೆಯವರ ಪತ್ರಗಳಲ್ಲಿ, ಓದುಗರ ಓಲೆಗಳಲ್ಲಿ, ಸಮಕಾಲೀನರ ಉತ್ತರಗಳಲ್ಲಿ ಹುಡುಕಬೇಕಾಗುತ್ತದೆ. ಕನ್ನಡ ಲಲಿತ ಪ್ರಬಂಧದ ಮತ್ತು ಅಂಕಣಬರಹದ ಚರಿತ್ರೆಯನ್ನು ಬರೆಯಹೊರಟವರು ಈ ಸಾಮಗ್ರಿಯನ್ನು ಅದು ಚೆದುರಿಹೋಗುವ ಮುನ್ನವೇ ಸಂಗ್ರಹಿಸುವುದು ಅವಶ್ಯ. ಒಂದು ಕಡೆಯ ಲೆಕ್ಕದ ಪುಸ್ತಕವನ್ನಷ್ಟೇ ಇಟ್ಟುಕೊಂಡು ಆಯವ್ಯಯ ಹೇಳುವುದು ವಿಮರ್ಶೆಯೆನಿಸಲಾರದು.