ಆರ್ಗನ್ ಉಳಿಯಿತು, ವಾದಕರೆಲ್ಲಿ?

ಈ ಪುಟಗಳಲ್ಲಿ ನಾಟಕ, ಯಕ್ಷಗಾನ, ಸಂಗೀತ ಕಛೇರಿಗಳ ವಿಮರ್ಶೆ ಬರುವುದು ವಾಡಿಕೆ. ಈ ಬಾರಿ ನಾವು ಎತ್ತಿಕೊಂಡಿರುವುದು ಚರ್ಚಿನ ಆರ್ಗನ್ ವಾದಕರ ವಿಷಯ. ಅದೂ ಹ್ಯಾಂಬರ್ಗ್, ಲ್ಯೂಬೆಕ್ ಪಟ್ಟಣಗಳಿಂದ ಹಿಡಿದು ಹಾಲೆಂಡಿನ ಗಡಿಗೆ ಅಂಟಿಕೊಂಡ ಪೂರ್ವ ಫ್ರೀಸ್‌ಲೆಂಡಿನವರೆಗೆ ಹಬ್ಬಿರುವ ಉತ್ತರ ಜರ್ಮನಿಯ ವಾದಕರದು. ನಮಗೂ ಅವರಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟು ಇಲ್ಲದೆ ಇಲ್ಲ. ನಮ್ಮ ಕಂಪನಿ ನಾಟಕಗಳಲ್ಲಿ ರಂಗದ ಮುಂದೆ ಕುಳಿತು, ಕಾಲಿನಿಂದ ತಿದಿ ಒತ್ತುತ್ತ, ನಟನ ಗಂಟಲು ಎತ್ತ ಹೊರಳಿದರೆ ಅತ್ತ ಹೊರಳುತ್ತ ಮೇಷ್ಟ್ರು ನುಡಿಸುತ್ತಿದ್ದ ಕಾಲು ಹಾರ್ಮೋನಿಯಂ ಇದೇ ಮನೆತನದ ಬಡ ತಮ್ಮ. ಅಣ್ಣನ ಮನೆಯ ಸುದ್ದಿಯನ್ನು ತಮ್ಮನ ಕಡೆಯವರು ವಿಚಾರಿಸುವುದರಲ್ಲಿ ತಪ್ಪೇನು?

ಹಾರ್ಮೋನಿಯಂನಲ್ಲಿ ಗಾಳಿ ಹಿತ್ತಾಳೆಯ ರೀಡುಗಳನ್ನು ಅದುರಿಸುತ್ತದೆ. ದೊಡ್ಡ ಆರ್ಗನ್ನಿನಲ್ಲಿ ಅದು ತವರ ಸೀಸ ಬೆರೆತ ಲೋಹದ, ಇಲ್ಲವೆ ಮರದ ಕೊಳವೆಗಳಿಗೆ ನುಗ್ಗುತ್ತದೆ. ಒಂದೊಂದು ಸ್ವರಕ್ಕೆ ಒಂದೊಂದು ಕೊಳವೆ, ಒಂದೊಂದು ನಾದಗುಣಕ್ಕೆ ಒಂದೊಂದು ಸಾಲು. ಬಿ.ಎಸ್ಸಿ. ಪ್ರಯೋಗಶಾಲೆಯಲ್ಲಿ ಗಾಜಿನ ಕೊಳವೆಯ ಬಾಯಿಗೆ ಟ್ಯೂನಿಂಗ್ ಫೋರ್ಕ್ ಹಿಡಿದು, ನೀರಿನ ಮಟ್ಟ ಏರಿಸಿ ಇಳಿಸಿ, ಗಾಳಿಯ ಕಂಬ ಮೊರೆಯುವ ಗಳಿಗೆಗೆ ಕಿವಿಗೊಟ್ಟು ಕಾದಿದ್ದವರಿಗೆ ಇದರ ಗುಟ್ಟು ಹೊಸದಲ್ಲ. ಕೊಳವೆ ಉದ್ದವಾದಷ್ಟೂ ಸ್ವರ ತಗ್ಗು. 32 ಅಡಿಯ ಕೊಳವೆ ಸೆಕೆಂಡಿಗೆ ಸುಮಾರು 16 ಸಲ ಕಂಪಿಸುತ್ತದೆ; ಅದು ಕಿವಿಗಿಂತ ಹೆಚ್ಚಾಗಿ ಎದೆಗೆ ತಿಳಿಯುವ ಸ್ವರ. ಗಾಳಿ ಬಿಸಿಯಾದರೆ ಶಬ್ದದ ವೇಗ ಏರುತ್ತದೆ, ಜೊತೆಗೆ ಶ್ರುತಿಯೂ ಏರುತ್ತದೆ. ಹ್ಯಾಂಬರ್ಗಿನ ಯಾಕೋಬಿ ಚರ್ಚಿನಲ್ಲಿ ಆರ್ಪ್ ಶ್ನಿಟ್ಗರ್ ಎಂಬ ಮಹಾಶಿಲ್ಪಿ 1693ರಲ್ಲಿ ಮುಗಿಸಿದ ಆರ್ಗನ್ನಿಗೆ ಇಂಥ ಕೊಳವೆಗಳು ಸುಮಾರು 4000, ಸಾಲುಗಳು 60, ಕೈಗೆ ನಾಲ್ಕು ಮಣೆ, ಕಾಲಿಗೆ ಪ್ರತ್ಯೇಕ ಒಂದು. ಹೀಗಾಗಿ ಇದು ಊರಿಂದೂರಿಗೆ ಹೊತ್ತೊಯ್ಯುವ ವಾದ್ಯವಲ್ಲ. ಒಂದು ಕಟ್ಟಡಕ್ಕೆಂದೇ ಅಳೆದು ಕಟ್ಟಿದ್ದು, ಅಲ್ಲೇ ಇರತಕ್ಕದ್ದು. ವಾದಕನೇ ಅದರ ಬಳಿಗೆ ಹೋಗಬೇಕು; ಅವನ ಬದುಕು ಒಂದು ಹುದ್ದೆಗೆ ಕಟ್ಟುಬೀಳುತ್ತದೆ. ಈ ಸಮುದಾಯದ ಚರಿತ್ರೆಯೆಂದರೆ ಬಹುಮಟ್ಟಿಗೆ ನೇಮಕಾತಿ, ರಜೆ, ಬದಲಿ ವ್ಯವಸ್ಥೆಗಳ ಚರಿತ್ರೆ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತಗಿರಿ ಮಾಡುವ ನಮ್ಮಂಥವರಿಗೆ ಅದು ಬೇಗ ಅರ್ಥವಾಗುವುದು ಸಹಜವೇ.

ಲ್ಯೂಬೆಕ್‌ನ ಮೇರಿ ಚರ್ಚನ್ನು ನೋಡಿ. 1668ರಲ್ಲಿ ಅಲ್ಲಿ ಆರ್ಗನಿಸ್ಟನಾಗಿ ಬಂದ ಬುಕ್ಸ್‌ಟೆಹೂಡ ಹಿಂದಿನ ಆರ್ಗನಿಸ್ಟ್ ಟುಂಡರನ ಮಗಳನ್ನು ಮದುವೆಯಾದ. ತನಗೆ ವಯಸ್ಸಾದಾಗ ಮುಂದೆ ಬರುವವನೂ ತನ್ನ ಮಗಳ ಕೈ ಹಿಡಿಯಬೇಕೆಂದು ಬಯಸಿದ. 1703ರಲ್ಲಿ ತರುಣ ಹ್ಯಾಂಡೆಲನೂ ಅವನ ಗೆಳೆಯ ಮಾಟೆಸನ್ನನೂ ಹ್ಯಾಂಬರ್ಗಿನಿಂದ ಬಂದು, ವಾದ್ಯ ನುಡಿಸಿ ನೋಡಿ, ಷರತ್ತು ತಿಳಿದ ಮೇಲೆ ಹಿಂತಿರುಗಿದರು. ಕೊನೆಗೆ 1707ರಲ್ಲಿ ಶೀಫರ್‌ಡೆಕರ್ ಎಂಬುವನು ಹುದ್ದೆಯನ್ನೂ ಹುಡುಗಿಯನ್ನೂ ಒಟ್ಟಿಗೆ ಸ್ವೀಕರಿಸಿದ. ಅನುಕಂಪದ ಆಧಾರದ ನೇಮಕಾತಿ ಎಂಬುದು ನಮ್ಮ ಕಾಲದ ಶೋಧವೆಂದು ತಿಳಿದವರು ಇದನ್ನು ಗಮನಿಸಬೇಕು. ಆ ಹೆಣ್ಣುಮಗಳ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದರೇ ಎಂಬ ಪ್ರಶ್ನೆಯನ್ನು ಚರಿತ್ರಕಾರರು ಎತ್ತುವುದು ಅಪರೂಪ.

ಇದೇ ಬುಕ್ಸ್‌ಟೆಹೂಡನನ್ನು ಕೇಳಲೆಂದು 1705ರಲ್ಲಿ ಆರ್ನ್‌ಷ್ಟಾಟ್ ಊರಿನ ಇಪ್ಪತ್ತು ವರ್ಷದ ಆರ್ಗನಿಸ್ಟ್ ಬಾಖ್ 400 ಕಿಲೋಮೀಟರಿನಷ್ಟು ದೂರ ನಡೆದು ಬಂದ. ಮಂಜೂರಾಗಿದ್ದ ರಜೆ ನಾಲ್ಕು ವಾರ. ಅವನು ಹಿಂತಿರುಗಿದ್ದು ಸುಮಾರು ನಾಲ್ಕು ತಿಂಗಳ ಮೇಲೆ. 1706ರ ಫೆಬ್ರವರಿಯಲ್ಲಿ ಮೇಲಧಿಕಾರಿಗಳು ಅವನನ್ನು ಕರೆದು ವಿವರಣೆ ಕೇಳಿದರು. ತನ್ನ ಕಲೆಯಲ್ಲಿ ಒಂದಷ್ಟು ತಿಳಿದುಕೊಳ್ಳಲು ಹೋಗಿದ್ದೆ, ಬದಲಿಗೆ ಒಬ್ಬನನ್ನು ಬಿಟ್ಟು ಹೋಗಿದ್ದೆನಲ್ಲ ಎಂಬುದು ಅವನ ಉತ್ತರದ ಸಾರಾಂಶ. ಅಧಿಕಾರಿಗಳು ಅಷ್ಟಕ್ಕೆ ಬಿಡಲಿಲ್ಲ. ಕೀರ್ತನೆಗಳ ನಡುವೆ ವಿಚಿತ್ರ ಸ್ವರಗಳನ್ನು ಬೆರೆಸಿ ಹಾಡುವ ಜನರನ್ನು ಗಲಿಬಿಲಿಗೊಳಿಸುತ್ತಾನೆಂಬ ಆರೋಪವನ್ನೂ ಸೇರಿಸಿದರು. ಈ ಎರಡನೆಯ ಆರೋಪವನ್ನು ವಾಚಕರು ನೆನಪಿಟ್ಟುಕೊಳ್ಳಲಿ. ನಮ್ಮ ವಿಮರ್ಶೆಯ ತಿರುಳು ಅದರಲ್ಲೇ ಇದೆ.

ಏಕೆಂದರೆ, ಇಂದು ನಾವು ಧ್ವನಿಮುದ್ರಿಕೆಗಳಲ್ಲಿ ಕೇಳುವ ಆ ಕಾಲದ ಆರ್ಗನ್ ಸಂಗೀತ ಬರೆದಿಟ್ಟದ್ದು ಮಾತ್ರ. ಆ ವಾದಕರ ನಿತ್ಯದ ಕಸುಬು ಬರೆಯದೆ ನುಡಿಸುವುದಾಗಿತ್ತು. ಜನ ಹಾಡಲಿರುವ ಕೀರ್ತನೆಯ ಧಾಟಿಯನ್ನು ಮೊದಲು ಸೂಚಿಸಿ, ಅದನ್ನು ಹಿಗ್ಗಿಸಿ, ಬೇರೆ ಬೇರೆ ಸಾಲುಗಳಲ್ಲಿ ಹೊರಳಾಡಿಸಿ, ತಕ್ಕ ಹೊತ್ತಿಗೆ ಹಾಡುಗಾರರ ಕೈಗೆ ಒಪ್ಪಿಸಬೇಕು. ನಮ್ಮವರು ಮನೋಧರ್ಮ ಎನ್ನುವುದು ಹೆಚ್ಚುಕಡಿಮೆ ಇದನ್ನೇ. ರಾಗಾಲಾಪನೆಗೂ ಇದಕ್ಕೂ ವ್ಯಾಕರಣ ಬೇರೆ, ಜಾತಿ ಒಂದೇ. ಹುದ್ದೆಗೆ ಬಂದವರ ಪರೀಕ್ಷೆಯೂ ಇದರಲ್ಲೇ ನಡೆಯುತ್ತಿತ್ತು. 1720ರಲ್ಲಿ ಬಾಖ್ ಹ್ಯಾಂಬರ್ಗಿನ ಕ್ಯಾಥರೀನ್ ಚರ್ಚಿನಲ್ಲಿ, ವೃದ್ಧ ವಾದಕ ರೈಂಕನ್ನನ ಎದುರಿಗೆ, ಒಂದೇ ಕೀರ್ತನೆಯ ಧಾಟಿಯ ಮೇಲೆ ಹತ್ತಿರ ಹತ್ತಿರ ಅರ್ಧ ಗಂಟೆ ಹೀಗೆ ನುಡಿಸಿದ. ಈ ಕಲೆ ಸತ್ತೇಹೋಯಿತೆಂದು ತಾನು ತಿಳಿದಿದ್ದುದಾಗಿ ಆ ಮುದುಕ ಹೇಳಿದನಂತೆ. ಅಂದರೆ ಮುನ್ನೂರು ವರ್ಷದ ಹಿಂದೆಯೇ ಇದರ ಸಾವಿನ ಚಿಂತೆ ಹಿಡಿದಿತ್ತು!

ಅದೇ ಸಲ ಯಾಕೋಬಿ ಚರ್ಚಿನಲ್ಲಿ ಹುದ್ದೆ ಖಾಲಿಯಿತ್ತು. ಬಾಖ್ ಅರ್ಜಿದಾರರ ಪೈಕಿ ಒಬ್ಬ. ಸಿಕ್ಕಿದ್ದು ಹೈಟ್‌ಮನ್ ಎಂಬುವನಿಗೆ. ಅವನು ಚರ್ಚಿಗೆ 4000 ಮಾರ್ಕ್ ಸಲ್ಲಿಸಿದ. ಆ ಚರ್ಚಿನ ಪಾದ್ರಿ ನಾಯ್‌ಮೈಸ್ಟರ್ ಸಿಟ್ಟಿಗೆದ್ದು, ದೇವದೂತನೇ ಇಳಿದು ಬಂದು ದಿವ್ಯವಾಗಿ ನುಡಿಸಿದರೂ ಕೈಯಲ್ಲಿ ಕಾಸಿಲ್ಲದಿದ್ದರೆ ಹಾರಿಹೋಗಬೇಕಾದೀತು ಎಂಬರ್ಥದ ಮಾತನ್ನು ಕ್ರಿಸ್‌ಮಸ್ ಪ್ರವಚನದಲ್ಲೇ ಆಡಿದನೆಂದು ಮಾಟೆಸನ್ ದಾಖಲಿಸಿದ್ದಾನೆ. ಇದಕ್ಕೆ ನಾವು ಟಿಪ್ಪಣಿ ಸೇರಿಸಬೇಕಾಗಿಲ್ಲ.

ಇನ್ನು ಈಚಿನ ಕಾಲಕ್ಕೆ ಬರೋಣ. ಕಳೆದ ಶತಮಾನ ಈ ವಾದ್ಯಗಳ ಮೇಲೆ ಎಸಗಿದ ಹಾನಿ ಸಣ್ಣದಲ್ಲ. 1917ರಲ್ಲಿ ಯುದ್ಧದ ಅಗತ್ಯಕ್ಕೆಂದು ಮುಂಭಾಗದ ತವರದ ಕೊಳವೆಗಳನ್ನು ಸರ್ಕಾರ ಕಿತ್ತುಕೊಂಡಿತು. 1942ರ ಬಾಂಬ್ ದಾಳಿಯಲ್ಲಿ ಲ್ಯೂಬೆಕ್‌ನ ಮೇರಿ ಚರ್ಚು ಬುಕ್ಸ್‌ಟೆಹೂಡ ನುಡಿಸಿದ ಒಂದು ಆರ್ಗನ್ನಿನೊಡನೆ ಸುಟ್ಟುಹೋಯಿತು. 1944ರಲ್ಲಿ ಯಾಕೋಬಿ ಚರ್ಚೂ ಬಿತ್ತು. ಕೊಳವೆಗಳನ್ನು ಮೊದಲೇ ಬಿಚ್ಚಿ ಸುರಕ್ಷಿತ ಜಾಗದಲ್ಲಿ ಇರಿಸಿದ್ದರಿಂದ ಅವು ಉಳಿದವು. ಇದರ ಮೇಲೆ ನಡೆದ ಪುನರುದ್ಧಾರದ ಕೆಲಸವನ್ನು ನಾವು ತಲೆಬಾಗಿ ಮೆಚ್ಚುತ್ತೇವೆ. ಲೇರ್ ಎಂಬ ಪುಟ್ಟ ಪಟ್ಟಣದಲ್ಲಿ 1954ರಿಂದ ಕಾರ್ಯಾಗಾರ ನಡೆಸಿದ ಯೂರ್ಗನ್ ಆರೆಂಡ್, ನೋರ್ಡನ್ ಊರಿನ ಶ್ನಿಟ್ಗರ್ ವಾದ್ಯವನ್ನು 1985ರಲ್ಲಿ, ಯಾಕೋಬಿಯದನ್ನು 1993ರಲ್ಲಿ ಮತ್ತೆ ನುಡಿಯುವಂತೆ ಮಾಡಿದರು. ನೋರ್ಡನ್ನಿನ ಆರ್ಗನ್ ಒಂದು ಕಲ್ಲುಕಂಬವನ್ನು ಸುತ್ತಿಕೊಂಡು ಕುಳಿತಿದೆ. ಚರ್ಚಿನ ಎರಡೂ ಭಾಗದ ಜನರಿಗೆ ಕೇಳಲಿ ಎಂದು ಹಾಗೆ ಕಟ್ಟಿದ್ದು. ಇಂಥ ಜಾಣತನವನ್ನು ಕಾರ್ಖಾನೆಯ ಅಚ್ಚಿನಿಂದ ತೆಗೆಯಲಾಗದು. 1972ರಲ್ಲಿ ಹಾರಾಲ್ಡ್ ಫೋಗಲ್ ಸ್ಥಾಪಿಸಿದ ಉತ್ತರ ಜರ್ಮನ್ ಆರ್ಗನ್ ಅಕಾಡೆಮಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪುಸ್ತಕದಿಂದಲ್ಲ, ಹಳೆಯ ವಾದ್ಯಗಳ ಮುಂದೆಯೇ ಕೂರಿಸಿ, ವಾದ್ಯವೇ ಗುರುವೆಂಬಂತೆ ಕಲಿಸಿತು.

ಪೂರ್ವ ಫ್ರೀಸ್‌ಲೆಂಡಿನ ರೀಸುಮ್ ಹಳ್ಳಿಯ ಮಾತನ್ನೂ ಇಲ್ಲಿ ಹೇಳಬೇಕು. ಹದಿನೈದನೆಯ ಶತಮಾನದ ಆ ಆರ್ಗನ್ ಇಂದಿಗೂ ನುಡಿಸಲು ಬರುವ ಅತಿ ಹಳೆಯವುಗಳಲ್ಲಿ ಒಂದು. ಅದರ ಬೆಲೆ ತೆರಲು ಹಳ್ಳಿಯವರು ಕೊಬ್ಬಿದ ದನಗಳನ್ನು ಎಮ್ಸ್ ನದಿಯಾಚೆ ಖ್ರೋನಿಂಗನ್ನಿಗೆ ಸಾಗಿಸಲು ತಮ್ಮ ಒಡೆಯನ ಅಪ್ಪಣೆ ಬೇಡಿದರೆಂದು ದಾಖಲೆಯಿದೆ. ರೈತರು ದನ ಮಾರಿ ವಾದ್ಯ ಕೊಂಡರು. ಕಛೇರಿ ಕೇಳಲು ಅಲ್ಲ, ತಾವು ಹಾಡುವಾಗ ಜೊತೆಗಿರಲಿ ಎಂದು.

ಇಂದಿನ ಚಟುವಟಿಕೆಗಳ ಬಗ್ಗೆ ನಮ್ಮ ಆಕ್ಷೇಪ ಹುಟ್ಟುವುದು ಈ ದನಗಳ ಲೆಕ್ಕದಿಂದಲೇ. ಬೇಸಗೆಯ ಕಛೇರಿ ಸರಣಿ, ಉತ್ಸವ, ಪ್ರವಾಸಿಗಳ ಆರ್ಗನ್ ಯಾತ್ರೆ, ಧ್ವನಿಮುದ್ರಿಕೆ ಇವೆಲ್ಲ ಭರದಿಂದ ಸಾಗಿವೆ. 2017ರಲ್ಲಿ ಯುನೆಸ್ಕೊ ಜರ್ಮನಿಯ ಆರ್ಗನ್ ನಿರ್ಮಾಣ ಹಾಗೂ ಸಂಗೀತವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆಗ ಮುಂದಿಟ್ಟ ಅಂಕಿಗಳು ಹೀಗಿವೆ: ಆರ್ಗನ್ನುಗಳು ಸುಮಾರು 50,000, ಕಟ್ಟುವ ಸಂಸ್ಥೆಗಳು 400, ಪೂರ್ಣಕಾಲದ ವಾದಕರು 3500. ಮಿಕ್ಕವರು ಹತ್ತಾರು ಸಾವಿರ ಮಂದಿ ಗೌರವ ಸೇವೆಯವರು. ಒಂದು ಭಾಗಾಕಾರ ಮಾಡಿದರೆ ಸಾಕು: ಪೂರ್ಣಕಾಲದ ಒಬ್ಬ ವಾದಕನಿಗೆ ಹದಿನಾಲ್ಕು ವಾದ್ಯಗಳು. ಹೊರೆಯೆಲ್ಲ ಗೌರವ ಸೇವೆಯವರ ಹೆಗಲ ಮೇಲೆ. ಶಾಲೆಯ ಮೇಷ್ಟರು, ನಿವೃತ್ತರು, ವಿದ್ಯಾರ್ಥಿಗಳು ಇಂಥವರ ಮೇಲೆ. 2022ರಲ್ಲಿ ಆ ದೇಶದ ಎರಡು ದೊಡ್ಡ ಚರ್ಚುಗಳ ಸದಸ್ಯರ ಸಂಖ್ಯೆ ಒಟ್ಟು ಜನಸಂಖ್ಯೆಯ ಅರ್ಧಕ್ಕಿಂತ ಕೆಳಗಿಳಿಯಿತು. ವಾದ್ಯ ಉಳಿಯಿತು, ಹಾಡುವವರು ಕರಗುತ್ತಿದ್ದಾರೆ, ನುಡಿಸುವವರು ಮುಪ್ಪಾಗುತ್ತಿದ್ದಾರೆ.

ಇದರ ತುತ್ತತುದಿಯನ್ನು ನೋಡಬೇಕಾದರೆ ತೀರ ಬಿಟ್ಟು ಸ್ವಲ್ಪ ಒಳನಾಡಿಗೆ, ಹಾಲ್ಬರ್‌ಷ್ಟಾಟ್ ಊರಿಗೆ ಹೋಗಬೇಕು. ಅಲ್ಲಿ ಅಮೆರಿಕದ ಜಾನ್ ಕೇಜ್ ರಚಿಸಿದ ಒಂದು ಕೃತಿಯನ್ನು, ಆದಷ್ಟು ನಿಧಾನವಾಗಿ ನುಡಿಸಬೇಕೆಂಬ ಅವರ ಸೂಚನೆಯನ್ನು ಹಿಡಿದು, 2001ರಿಂದ 2640ರವರೆಗೆ 639 ವರ್ಷ ನುಡಿಸುವ ಏರ್ಪಾಡಾಗಿದೆ. ಕೀಲಿಗಳನ್ನು ಒತ್ತಿಹಿಡಿಯಲು ಮರಳಿನ ಪುಟ್ಟ ಚೀಲಗಳು, ವಾದಕ ಬೇಡ. ವರ್ಷಗಟ್ಟಲೆ ಒಂದೇ ಸ್ವರಮೇಳ. 2024ರ ಫೆಬ್ರವರಿ 5ರಂದು ಅದು ಬದಲಾದಾಗ ದೂರದೂರದಿಂದ ಜನ ಬಂದು ನೆರೆದರು. ಕೇಜರ ತಮಾಷೆಯನ್ನು ನಾವು ಹಳಿಯುವುದಿಲ್ಲ, ಅದರಲ್ಲಿ ಒಂದು ತತ್ತ್ವವೂ ಇದ್ದೀತು. ಆದರೆ ವಾದಕನೇ ಇಲ್ಲದ ಆರ್ಗನ್ನಿಗೆ ಜನ ನೆರೆಯುತ್ತಾರೆ, ವಾದಕನಿರುವ ಭಾನುವಾರದ ಪ್ರಾರ್ಥನೆಗೆ ಬೆಂಚುಗಳು ಖಾಲಿ ಎಂಬ ಸ್ಥಿತಿ ನಗುವ ಸ್ಥಿತಿಯಲ್ಲ.

ಕಛೇರಿಯೇ ಬೇಡ ಎಂಬುದು ನಮ್ಮ ವಾದವಲ್ಲ. ಬುಕ್ಸ್‌ಟೆಹೂಡ ಸ್ವತಃ ಕ್ರಿಸ್‌ಮಸ್ಸಿಗೆ ಮುಂಚಿನ ಐದು ಭಾನುವಾರ ಸಂಜೆ, ವರ್ತಕರ ಹಣದಿಂದ, ಪ್ರಸಿದ್ಧವಾದ ಸಂಗೀತ ಸಭೆಗಳನ್ನು ನಡೆಸಿದವನು. ಆದರೆ ಅದು ಬೆಳಗಿನ ಕರ್ತವ್ಯದ ಮೇಲೆ ಹೂಡಿದ ಸಂಜೆ. ಇಂದಿನ ಕಛೇರಿಯ ಪಟ್ಟಿಗಳಲ್ಲಿ ಬುಕ್ಸ್‌ಟೆಹೂಡ, ಬ್ರೂನ್ಸ್, ಬೋಮ್, ಬಾಖ್ ಎಂದು ಬರೆದಿಟ್ಟ ಕೃತಿಗಳೇ ಸಾಲುಗಟ್ಟಿ ಬರುತ್ತವೆ. ನುಡಿಸಾಣಿಕೆ ನಿರ್ದುಷ್ಟ, ಶೈಲಿ ಪಾಂಡಿತ್ಯಪೂರ್ಣ. ಅಷ್ಟಾಗಿಯೂ, ಒಬ್ಬ ವಿದ್ವಾಂಸ ಕೃತಿಗಳನ್ನಷ್ಟೇ ಹಾಡಿ, ಆಲಾಪನೆಯನ್ನೂ ಸ್ವರಪ್ರಸ್ತಾರವನ್ನೂ ಬಿಟ್ಟು ಮಂಗಳ ಹಾಡಿದಂತೆ ನಮಗೆ ಭಾಸವಾಗುತ್ತದೆ.

ಆ ಬಿಟ್ಟುಹೋದ ಭಾಗ ಎಲ್ಲಿ ಬದುಕಿದೆ? ಉತ್ಸವದಲ್ಲಿ ಹುಡುಕಿದರೆ ವಿರಳ. ಜರ್ಮನಿಯ ಚರ್ಚ್ ಸಂಗೀತಗಾರರಿಗೆ ಎ, ಬಿ, ಸಿ, ಡಿ ಎಂದು ಪರೀಕ್ಷೆಯ ದರ್ಜೆಗಳಿವೆ. ಎ, ಬಿ ಪೂರ್ಣಕಾಲದವರಿಗೆ. ಸಿ, ಡಿ ಬೇರೆ ಉದ್ಯೋಗದ ಜೊತೆಗೆ ನುಡಿಸುವವರಿಗೆ. ಈ ಸಿ ದರ್ಜೆಯ ಅಭ್ಯರ್ಥಿ, ಕೆಲಸ ಮುಗಿಸಿ ಸಂಜೆ ಬಂದು, ತಣ್ಣನೆಯ ಚರ್ಚಿನಲ್ಲಿ ಕೋಟು ತೊಟ್ಟುಕೊಂಡೇ, ಕೀರ್ತನೆಯ ಧಾಟಿ ಕೊಟ್ಟರೆ ಅದಕ್ಕೆ ಸ್ವರ ಹೊಂದಿಸಿ ಪೀಠಿಕೆ ಕಟ್ಟಿ ನುಡಿಸಲು ಕಲಿಯುತ್ತಾನೆ. ಬಾಖ್‌ನ ಮೇಲೆ 1706ರಲ್ಲಿ ಹೊರಿಸಿದ ಎರಡನೆಯ ಆರೋಪದ ವಾರಸುದಾರ ಈತನೇ, ಅಥವಾ ಈಕೆಯೇ. ಪರಂಪರೆಯ ಈ ಜೀವಂತ ಎಳೆಯ ಬಗ್ಗೆ ವಿಮರ್ಶಕರು ಬರೆಯುವುದು ಕಡಿಮೆ. ಅತಿಥಿ ಕಲಾವಿದನ ಭಾವಚಿತ್ರ ಅಚ್ಚಾಗುತ್ತದೆ. ನಲವತ್ತು ವರ್ಷ ಒಂದೇ ಹಳ್ಳಿಯಲ್ಲಿ ಭಾನುವಾರ ತಪ್ಪಿಸದವರ ಹೆಸರು ಚರ್ಚಿನ ನೋಟೀಸು ಹಲಗೆಯನ್ನು ದಾಟುವುದಿಲ್ಲ. ವಿದ್ಯುತ್ ಬರುವ ಮೊದಲು ತಿದಿ ತುಳಿಯುತ್ತಿದ್ದವನ ಗತಿಯೂ ಇದೇ ಆಗಿತ್ತು. ಅವನಿಲ್ಲದೆ ಬಾಖ್‌ನ ಬೆರಳಿಗೆ ಒಂದು ಸ್ವರವೂ ದಕ್ಕುತ್ತಿರಲಿಲ್ಲ. ನಮ್ಮ ಸಂಘದಲ್ಲೂ ವಾರ್ಷಿಕೋತ್ಸವದ ಗಾಯಕರಿಗೆ ಶಾಲು, ಪ್ರತಿ ವಾರ ಮಕ್ಕಳ ಭಜನೆಗೆ ಪೇಟಿ ಹಿಡಿಯುವವರಿಗೆ ಒಂದು ಲೋಟ ಕಾಫಿ. ಇರಲಿ.

ಉತ್ತರ ಜರ್ಮನಿಯ ಉತ್ಸವಗಳವರಿಗೆ ನಮ್ಮ ಮಾತು ತಲುಪುವ ಸಂಭವವಿಲ್ಲ. ತಲುಪುವುದಾದರೆ ಕೇಳುವುದು ಇಷ್ಟೆ. ಪ್ರತಿ ಕಛೇರಿಯಲ್ಲಿ ಅರ್ಧ ಗಂಟೆಯನ್ನು, ರೈಂಕನ್ನನ ಎದುರು ನಡೆದಂತೆ, ಸಭಿಕರು ಅಲ್ಲೇ ಸೂಚಿಸಿದ ಧಾಟಿಯ ಮೇಲೆ ಬರೆಯದ ವಾದನಕ್ಕೆ ಮೀಸಲಿಡಲಿ. ಅದಕ್ಕೆ ಹೊರಗಿನ ಅತಿಥಿಯನ್ನಲ್ಲ, ಆ ಚರ್ಚಿನ ಭಾನುವಾರದ ವಾದಕರನ್ನು ಕೂರಿಸಲಿ. ಸಭಿಕರೂ ಒಂದು ಚರಣವನ್ನು ದನಿಗೂಡಿಸಿ ಹಾಡಲಿ, ಗಲಿಬಿಲಿಯಾದರೆ ಆಗಲಿ.